ನ್ಯೂಕ್ಲಿಕ್ ಆಮ್ಲವನ್ನು ಅಳೆದವರು, ಯುದ್ಧ ಬೇಡವೆಂದವರು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಉಳ್ಳಾಗಡ್ಡಿಯಿಲ್ಲದ ಅಡುಗೆಮನೆ ಹುಡುಕಿದರೂ ಸಿಕ್ಕುವುದು ಕಷ್ಟ. ಅದನ್ನು ಬೆಳೆದು, ಕಿತ್ತು, ಚೀಲ ತುಂಬಿ, ಧಾರಣೆಯ ಏರಿಳಿತವನ್ನು ನೋಡುತ್ತ ಲಾರಿಗೆ ಹೇರುವ ರೈತರಿಗೆ ಅದರ ಒಳಹೊರಗು ತಿಳಿಯದುದೇನಲ್ಲ. ಆದರೆ ಆ ಗಡ್ಡೆಯ ಪ್ರತಿಯೊಂದು ಜೀವಕೋಶದಲ್ಲಿಯೂ ಅಡಗಿದ್ದು, ಉಳ್ಳಾಗಡ್ಡಿಯ ಬೀಜದಿಂದ ಉಳ್ಳಾಗಡ್ಡಿಯೇ ಹುಟ್ಟುವಂತೆ ತಲೆಮಾರಿನಿಂದ ತಲೆಮಾರಿಗೆ ಕಾದುಕೊಂಡು ಬರುವ ಒಂದು ದ್ರವ್ಯವಿದೆಯೆಂಬುದನ್ನೂ, ಅದನ್ನು ನೀಲಗುಂದದಂತಹ ಊರಿನ ಶಾಲೆಯ ಮಕ್ಕಳು ಒಂದು ತಾಸಿನೊಳಗೆ ಕಣ್ಣಾರೆ ಕಾಣಬಹುದೆಂಬುದನ್ನೂ ಬಲ್ಲವರು ಬಹು ಮಂದಿಯಿರಲಾರರು.

ವಿಧಾನ ಸರಳವಾದುದು. ಒಂದು ಉಳ್ಳಾಗಡ್ಡಿಯನ್ನು ಸಣ್ಣಗೆ ಹೆಚ್ಚಿ, ಅರ್ಧ ಲೋಟ ನೀರಿಗೆ ಒಂದು ಸಣ್ಣ ಚಮಚ ಅಡುಗೆ ಉಪ್ಪನ್ನೂ ಒಂದೆರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸೋಪನ್ನೂ ಬೆರೆಸಿ, ಹೆಚ್ಚಿದ ಚೂರುಗಳನ್ನು ಅದರಲ್ಲಿ ನೆನೆಹಾಕಿ, ಆ ಲೋಟವನ್ನು ಚೆನ್ನಾಗಿ ಬಿಸಿಯಾದ, ಆದರೆ ಕುದಿಯದ ನೀರಿನ ಪಾತ್ರೆಯಲ್ಲಿ ಹತ್ತು ಹದಿನೈದು ನಿಮಿಷ ಇರಿಸಬೇಕು. ಬಳಿಕ ಅದನ್ನು ಆರಗೊಟ್ಟು, ತೆಳುವಾದ ಬಟ್ಟೆಯಲ್ಲಿ ಸೋಸಿ, ಸೋಸಿ ಬಂದ ದ್ರವವನ್ನು ಗಾಜಿನ ಲೋಟದಲ್ಲಿ ಕಾಲುಭಾಗದಷ್ಟು ತುಂಬಿಕೊಂಡು, ಔಷಧದಂಗಡಿಯಲ್ಲಿ ದೊರೆಯುವ ಸ್ಪಿರಿಟನ್ನು ಮೊದಲೇ ಮಂಜುಗಡ್ಡೆಯ ನಡುವೆ ಇಟ್ಟು ತಣ್ಣಗೆ ಮಾಡಿ, ಲೋಟದ ಒಳಬದಿಯ ಗುಂಟ ಮೆಲ್ಲಮೆಲ್ಲನೆ ಇಳಿಬಿಡಬೇಕು. ಸ್ಪಿರಿಟ್ ಹತ್ತಿ ಉರಿಯುವ ವಸ್ತುವಾದುದರಿಂದ ಹತ್ತಿರದಲ್ಲಿ ಒಲೆಯಾಗಲಿ ದೀಪವಾಗಲಿ ಇರಕೂಡದು. ಉಪಾಧ್ಯಾಯರು ಜೊತೆಗೆ ಇರಲೇಬೇಕು. ನೀರು ಕೆಳಗೂ ಸ್ಪಿರಿಟ್ ಮೇಲೂ ನಿಂತು, ಅವೆರಡರ ಗಡಿಯಲ್ಲಿ ಕೆಲವು ನಿಮಿಷಗಳೊಳಗೆ ಬೆಳ್ಳನೆಯ, ನವಿರಾದ, ಲೋಳೆಲೋಳೆಯಾದ ಎಳೆಗಳು ಒಂದನ್ನೊಂದು ಹೆಣೆದುಕೊಂಡು ಮೇಲಕ್ಕೇಳತೊಡಗುತ್ತವೆ. ಕಡ್ಡಿಯೊಂದನ್ನು ಅದ್ದಿ ತಿರುವಿದರೆ ಅವು ಅದಕ್ಕೆ ಸುತ್ತಿಕೊಂಡು ಬರುತ್ತವೆ. ಅದೇ ಡಿಎನ್‌ಎ, ಎಂದರೆ ಡಿಆಕ್ಸಿರೈಬೊ ನ್ಯೂಕ್ಲಿಕ್ ಆಮ್ಲ.

ಈ ಪ್ರಯೋಗದಲ್ಲಿ ಉಪ್ಪಿಗೇನು ಕೆಲಸವೆಂದು ಮಕ್ಕಳು ಕೇಳುವುದುಂಟು. ಕೇಳತಕ್ಕ ಪ್ರಶ್ನೆಯೇ ಅದು. ಸಾಬೂನು ಜೀವಕೋಶದ ಜಿಡ್ಡಿನ ಪೊರೆಯನ್ನು ಕರಗಿಸುತ್ತದೆಂಬುದು ಪಾತ್ರೆ ತೊಳೆದ ಯಾರಿಗಾದರೂ ಹೊಳೆಯುತ್ತದೆ. ಉಪ್ಪಿನ ಕಾರ್ಯ ಇನ್ನೂ ಸೂಕ್ಷ್ಮವಾದುದು. ಡಿಎನ್‌ಎಯ ಬೆನ್ನಿನುದ್ದಕ್ಕೂ ಫಾಸ್ಫೇಟ್ ಗುಂಪುಗಳಿವೆ. ಅವುಗಳಲ್ಲಿ ಒಂದೊಂದೂ ನೀರಿನಲ್ಲಿ ತನ್ನ ಜಲಜನಕವನ್ನು ಬಿಟ್ಟುಕೊಟ್ಟು ಋಣ ವಿದ್ಯುದಂಶವನ್ನು ತಾಳಿ ನಿಲ್ಲುತ್ತದೆ. ಸಮಾನ ವಿದ್ಯುದಂಶಗಳು ಪರಸ್ಪರ ದೂಡುವುದರಿಂದ ಎಳೆಗಳು ಒಂದನ್ನೊಂದು ಸಮೀಪಿಸಲಾರವು. ಉಪ್ಪಿನಲ್ಲಿರುವ ಸೋಡಿಯಮ್ಮಿನ ಧನ ಅಯಾನುಗಳು ಆ ಫಾಸ್ಫೇಟುಗಳನ್ನು ಸುತ್ತುವರಿದು ಅವುಗಳ ವೈರವನ್ನು ಶಮನಗೊಳಿಸಿದ ಮೇಲೆಯೇ ಎಳೆಗಳು ಒಟ್ಟುಗೂಡಿ, ಸ್ಪಿರಿಟಿನಲ್ಲಿ ಕರಗಲಾರದೆ ಹೊರಬೀಳುವುದು. ಈ ಒಂದು ಚಮಚ ಉಪ್ಪಿನ ವಿಷಯವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಂಡಿರಬೇಕೆಂದು ಕೋರುತ್ತೇನೆ. ಇಪ್ಪತ್ತನೆಯ ಶತಮಾನದ ಮಹಾ ರಸಾಯನಶಾಸ್ತ್ರಜ್ಞನೊಬ್ಬನು ಎಡವಿದುದು ಸರಿಯಾಗಿ ಇದೇ ಸ್ಥಳದಲ್ಲಿ.

ಈ ದ್ರವ್ಯವನ್ನು ಮೊತ್ತಮೊದಲು ಬೇರ್ಪಡಿಸಿದವನು ಸ್ವಿಟ್ಜರ್ಲೆಂಡಿನ ಫ್ರೀಡ್ರಿಕ್ ಮೀಶರ್. ವರ್ಷ 1869, ಸ್ಥಳ ಜರ್ಮನಿಯ ಟ್ಯೂಬಿಂಗೆನ್. ಶಸ್ತ್ರಚಿಕಿತ್ಸಾಲಯದಲ್ಲಿ ಗಾಯಗಳಿಗೆ ಕಟ್ಟಿ ಬಿಚ್ಚಿದ ಬಟ್ಟೆಗಳ ಕೀವಿನಿಂದ ಬಿಳಿಯ ರಕ್ತಕಣಗಳನ್ನು ತೊಳೆದು ತೆಗೆದು, ಅವುಗಳ ಕೋಶಕೇಂದ್ರದಲ್ಲಿ ರಂಜಕವನ್ನು ಹೇರಳವಾಗಿ ಹೊಂದಿದ, ಅದುವರೆಗೆ ಯಾರೂ ಕಾಣದಿದ್ದ ಪದಾರ್ಥವೊಂದನ್ನು ಅವನು ಕಂಡನು. ಮನುಷ್ಯನ ಗಾಯದಲ್ಲಿ ಪ್ರಥಮದರ್ಶನವನ್ನಿತ್ತ ಈ ದ್ರವ್ಯದ ಘಟಕಗಳು ಬಲು ಸ್ವಲ್ಪವೆಂಬುದು ಅನಂತರ ತಿಳಿದುಬಂದಿತು: ಐದು ಇಂಗಾಲದ ಪರಮಾಣುಗಳಿರುವ ಡಿಆಕ್ಸಿರೈಬೋಸ್ ಎಂಬ ಸಕ್ಕರೆ, ಫಾಸ್ಫೇಟ್, ಮತ್ತು ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್ ಎಂಬ ನಾಲ್ಕು ಪ್ರತ್ಯಾಮ್ಲಗಳು. ಇಷ್ಟೇ ಸಾಮಗ್ರಿಯಿಂದ ಹುಲ್ಲೂ ಹುಲಿಯೂ ಮನುಷ್ಯನೂ ಹೇಗೆ ರೂಪುಗೊಂಡರೆಂಬುದು ಘಟಕಗಳ ಪಟ್ಟಿಯಿಂದ ತಿಳಿಯುವುದಲ್ಲ, ಅವುಗಳ ಜೋಡಣೆಯಿಂದ ತಿಳಿಯತಕ್ಕುದು.

ಆ ಜೋಡಣೆ ತಿರುಚಿದ ನೂಲೇಣಿಯಂತಿದೆ. ಸಕ್ಕರೆಯೂ ಫಾಸ್ಫೇಟೂ ಒಂದಾದ ಮೇಲೊಂದು ಬೆಸೆದುಕೊಂಡು ಎರಡು ಪಕ್ಕದ ಹಗ್ಗಗಳಾಗಿವೆ. ಪ್ರತ್ಯಾಮ್ಲಗಳು ಒಳಮುಖವಾಗಿ ಚಾಚಿ ಎರಡೆರಡು ಸೇರಿ ಮೆಟ್ಟಿಲುಗಳಾಗಿವೆ. ಅಡೆನಿನ್ ಥೈಮಿನ್ನಿನೊಡನೆ ಮಾತ್ರ ಎರಡು ಜಲಜನಕ ಬಂಧಗಳಿಂದ ಕೂಡುತ್ತದೆ. ಗ್ವಾನಿನ್ ಸೈಟೊಸಿನ್ನಿನೊಡನೆ ಮಾತ್ರ ಮೂರು ಬಂಧಗಳಿಂದ ಕೂಡುತ್ತದೆ. ಈ ಪ್ರತ್ಯಾಮ್ಲಗಳನ್ನು ಅಕ್ಷರಗಳೆನ್ನುವುದಾದರೆ, ಒಂದು ಎಳೆಯ ಅಕ್ಷರಗಳು ತಿಳಿದರೆ ಎದುರು ಎಳೆಯವು ತಾವಾಗಿಯೇ ನಿಶ್ಚಿತವಾಗುವುದರಿಂದ, ಎಳೆಗಳು ಬೇರ್ಪಟ್ಟಾಗ ಒಂದೊಂದೂ ತನ್ನ ಜೊತೆಗಾರನನ್ನು ಪುನಃ ಕಟ್ಟಿಕೊಳ್ಳಲು ಸಮರ್ಥವಾಗುತ್ತದೆ. ಈ ಏಣಿಯ ಅಗಲ ಸುಮಾರು 2 ನ್ಯಾನೊಮೀಟರು, ಎಂದರೆ ಮಿಲಿಮೀಟರಿನ ಐದು ಲಕ್ಷದಲ್ಲೊಂದು ಭಾಗ. ಒಂದು ಮೆಟ್ಟಿಲಿಗೂ ಮುಂದಿನ ಮೆಟ್ಟಿಲಿಗೂ ನಡುವಣ ಅಂತರ 0.34 ನ್ಯಾನೊಮೀಟರು, ಸುಮಾರು ಹತ್ತು ಮೆಟ್ಟಿಲುಗಳಿಗೆ ಒಂದು ಸುತ್ತು. ಇಷ್ಟು ಕಿರಿದಾದುದು ನಮ್ಮ ಒಂದೊಂದು ಜೀವಕೋಶದಲ್ಲಿಯೂ ಸುಮಾರು ಎರಡು ಮೀಟರಿನಷ್ಟು ಉದ್ದವಾಗಿ ಸುರುಟಿಕೊಂಡು ಕುಳಿತಿದೆಯೆಂಬುದನ್ನು ನೆನೆದರೆ, ಎಷ್ಟು ಸಲ ಓದಿದ್ದರೂ, ವಿಸ್ಮಯವಾಗದಿರದು.

ಈ ರಚನೆಯನ್ನು ಕಂಡುಹಿಡಿಯುವ ಪ್ರಯತ್ನದಲ್ಲಿದ್ದವರ ಪೈಕಿ ಅಮೆರಿಕದ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯ ಲೈನಸ್ ಪಾಲಿಂಗ್ ಅಗ್ರಗಣ್ಯನಾಗಿದ್ದನು. ಪರಮಾಣುಗಳು ಒಂದಕ್ಕೊಂದು ಹೇಗೆ ಬೆಸೆದುಕೊಳ್ಳುತ್ತವೆಂಬುದನ್ನು ಅವನಷ್ಟು ಬಲ್ಲವರು ಆ ಕಾಲದಲ್ಲಿ ಬೇರೊಬ್ಬರಿರಲಿಲ್ಲ. ಪ್ರೋಟೀನಿನ ಸುರುಳಿಯನ್ನು 1951ರಲ್ಲಿ ಲೋಕಕ್ಕೆ ತೋರಿಸಿದವನು ಅವನೇ. ಆದರೆ 1953ರ ಫೆಬ್ರವರಿಯಲ್ಲಿ ತನ್ನ ಸಹೋದ್ಯೋಗಿ ರಾಬರ್ಟ್ ಕೋರಿಯೊಡಗೂಡಿ ಅವನು ಪ್ರಕಟಿಸಿದ ಡಿಎನ್‌ಎಯ ಮಾದರಿಯಲ್ಲಿ ಎಳೆಗಳು ಎರಡಲ್ಲ, ಮೂರು. ಫಾಸ್ಫೇಟುಗಳು ಹೊರಗಲ್ಲ, ನಟ್ಟನಡುವೆ ಒತ್ತೊತ್ತಾಗಿ. ಅವು ತಮ್ಮ ಜಲಜನಕವನ್ನು ಬಿಡದೆ ವಿದ್ಯುದಂಶವಿಲ್ಲದೆ ಇರುವುವೆಂಬ ಊಹೆ ಬೇರೆ. ಹಾಗಿದ್ದ ಪಕ್ಷದಲ್ಲಿ ಅದು ಆಮ್ಲವೇ ಆಗುತ್ತಿರಲಿಲ್ಲ. ನಮ್ಮ ಶಾಲೆಯ ಪ್ರಯೋಗದಲ್ಲಿ ಉಪ್ಪಿನ ಅವಶ್ಯಕತೆಯೂ ಬೀಳುತ್ತಿರಲಿಲ್ಲ. ಕೇಂಬ್ರಿಜಿನಲ್ಲಿದ್ದ ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಅದನ್ನು ನೋಡಿದೊಡನೆಯೇ ದೋಷವನ್ನು ಗುರುತಿಸಿ, 1953ರ ಏಪ್ರಿಲ್ 25ರ 'ನೇಚರ್' ಪತ್ರಿಕೆಯಲ್ಲಿ ತಮ್ಮ ಜೋಡಿ ಸುರುಳಿಯನ್ನು ಪ್ರಕಟಿಸಿದರು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಮತ್ತು ರೇಮಂಡ್ ಗಾಸ್ಲಿಂಗ್ 1952ರಲ್ಲಿ ತೆಗೆದ ಕ್ಷ-ಕಿರಣ ಛಾಯಾಚಿತ್ರವೂ ಆಕೆಯ ಅಳತೆಗಳೂ ಇಲ್ಲದಿದ್ದರೆ ಆ ಮಾದರಿ ಅಷ್ಟು ಬೇಗ ನಿಲ್ಲುತ್ತಿರಲಿಲ್ಲ. ಮೂವತ್ತೇಳನೆಯ ವಯಸ್ಸಿಗೇ, 1958ರಲ್ಲಿ, ತೀರಿಕೊಂಡ ಆ ವಿದುಷಿಗೆ ಸಲ್ಲಬೇಕಾದ ಗೌರವ ಬಹುಕಾಲದವರೆಗೆ ಸಲ್ಲಲಿಲ್ಲವೆಂಬುದು ನೋವಿನ ಸಂಗತಿ.

ಪಾಲಿಂಗ್ ತನ್ನ ಸೋಲನ್ನು ಒಪ್ಪಿಕೊಂಡುದಲ್ಲದೆ, ಗ್ವಾನಿನ್ ಸೈಟೊಸಿನ್‌ಗಳ ನಡುವೆ ಎರಡಲ್ಲ, ಮೂರು ಬಂಧಗಳಿವೆಯೆಂದು 1956ರಲ್ಲಿ ಕೋರಿಯೊಡನೆ ತೋರಿಸಿ, ಎದುರಾಳಿಗಳ ಮಾದರಿಯನ್ನೇ ತಿದ್ದಿ ಗಟ್ಟಿಗೊಳಿಸಿದನು. ದೊಡ್ಡ ಮನಸ್ಸಿನ ಕೆಲಸವದು. ಆದರೆ 1952ರ ವಸಂತದಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸಭೆಗೆ ಹೊರಟಿದ್ದ ಅವನಿಗೆ ಅವನ ಸರಕಾರವೇ ಪಾಸ್‌ಪೋರ್ಟನ್ನು ನಿರಾಕರಿಸಿತ್ತೆಂಬುದನ್ನು ಇಲ್ಲಿಯೇ ಹೇಳಬೇಕು. ಹಿರೋಷಿಮಾ ನಾಗಸಾಕಿಗಳ ಅನಂತರ ಐನ್‌ಸ್ಟೈನ್ ಅಧ್ಯಕ್ಷತೆಯ ಪರಮಾಣು ವಿಜ್ಞಾನಿಗಳ ತುರ್ತು ಸಮಿತಿಯನ್ನು ಸೇರಿ, ಊರೂರು ತಿರುಗಿ ಬಾಂಬಿನ ವಿರುದ್ಧ ಮಾತನಾಡಿದುದೇ ಅವನ ಅಪರಾಧ. ಆ ಪ್ರಯಾಣ ಸಾಗಿದ್ದರೆ ಫ್ರಾಂಕ್ಲಿನ್ನಳ ಚಿತ್ರಗಳನ್ನು ಅವನು ಕಾಣುತ್ತಿದ್ದನೋ ಇಲ್ಲವೋ, ಅದನ್ನು ಯಾರೂ ನಿಶ್ಚಯಿಸಿ ಹೇಳಲಾರರು.

ಇತ್ತ ಕನ್ನಡನಾಡಿಗೆ ಬರೋಣ. ವಾಟ್ಸನ್ ಮತ್ತು ಕ್ರಿಕ್ಕರ ಮಾದರಿ ನಿಂತಿದ್ದುದು ಡಿಎನ್‌ಎಯ ನಾರುಗಳಿಂದ ಬಂದ ಛಾಯಾಚಿತ್ರಗಳ ಮೇಲೆ. ಅಂತಹ ಚಿತ್ರ ಸುರುಳಿಯ ಸರಾಸರಿ ಆಕಾರವನ್ನು ಹೇಳೀತೇ ಹೊರತು ಒಂದೊಂದು ಪರಮಾಣುವನ್ನೂ ಬಿಡಿಸಿ ತೋರಿಸಲಾರದು. ಆದ್ದರಿಂದ ಇಪ್ಪತ್ತೈದು ವರ್ಷಗಳವರೆಗೆ ಸಂದೇಹಕ್ಕೆ ಅವಕಾಶ ಉಳಿದೇ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜಿ. ಎನ್. ರಾಮಚಂದ್ರನ್ ಕಟ್ಟಿದ ಅಣುಜೀವಭೌತ ವಿಭಾಗದಲ್ಲಿ, ವಿ. ಶಶಿಶೇಖರನ್ ಮತ್ತು ಅವರ ಶಿಷ್ಯರು ಆ ಸಂದೇಹವನ್ನು ಧೈರ್ಯದಿಂದ ಎತ್ತಿ, ಎರಡೆಳೆಗಳು ಒಂದನ್ನೊಂದು ಸುತ್ತಿಕೊಳ್ಳದೆ ಸ್ವಲ್ಪ ದೂರ ಬಲಕ್ಕೂ ಸ್ವಲ್ಪ ದೂರ ಎಡಕ್ಕೂ ತಿರುಗಿ ಪಕ್ಕಪಕ್ಕದಲ್ಲಿಯೇ ಸಾಗುವ ಬೇರೊಂದು ಮಾದರಿಯನ್ನು ಮುಂದಿಟ್ಟರು. ಹಾಗಿದ್ದರೆ ಎಳೆಗಳನ್ನು ಬಿಡಿಸುವುದು ಸುಲಭವೆಂಬುದು ಅವರ ವಾದ. ಅದೇ ಸಂಸ್ಥೆಯ ಇನ್ನೊಬ್ಬ ವಿಜ್ಞಾನಿ ಎಂ. ಎ. ವಿಶ್ವಾಮಿತ್ರ ಕೇಂಬ್ರಿಜಿನ ಓಲ್ಗಾ ಕೆನಾರ್ಡ್ ಮೊದಲಾದವರೊಡನೆ ಸೇರಿ, ಅಡೆನಿನ್, ಥೈಮಿನ್, ಅಡೆನಿನ್, ಥೈಮಿನ್ ಎಂಬ ನಾಲ್ಕೇ ಅಕ್ಷರಗಳ ಒಂದು ತುಣುಕನ್ನು ಸ್ಫಟಿಕವಾಗಿಸಿ, ಅದರ ಮೇಲೆ ಕ್ಷ-ಕಿರಣವನ್ನು ಹಾಯಿಸಿ, ಜೋಡಿ ಸುರುಳಿಯ ಒಂದು ಭಾಗವನ್ನು ಪರಮಾಣು ಪರಮಾಣುವಾಗಿ ಬಿಡಿಸಿ 1978ರ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಡಿಎನ್‌ಎಯ ತುಣುಕೊಂದು ಅಷ್ಟು ಸ್ಪಷ್ಟವಾಗಿ ಕಂಡುದು ಅದೇ ಮೊದಲು. ಅಲ್ಲಿನ ಸಕ್ಕರೆಗಳ ಬಾಗು ಒಂದು ಬಿಟ್ಟು ಒಂದರಂತೆ ಬದಲಾಗುತ್ತಿದ್ದುದರಿಂದ, ಅಕ್ಷರಗಳ ಅನುಕ್ರಮಕ್ಕೆ ತಕ್ಕಂತೆ ಸುರುಳಿಯ ಮೈಕಟ್ಟೂ ಸೂಕ್ಷ್ಮವಾಗಿ ಬೇರೆಯಾಗುತ್ತದೆಂಬ ಅರಿವು ಬಲಗೊಂಡಿತು. ಮುಂದಿನ ವರ್ಷಗಳ ಸ್ಫಟಿಕಗಳು ಸುತ್ತಿಕೊಂಡ ಜೋಡಿ ಸುರುಳಿಯನ್ನೇ ಎತ್ತಿಹಿಡಿದುವು. ಶಶಿಶೇಖರನ್ನರ ಮಾದರಿ ನಿಲ್ಲಲಿಲ್ಲ. ಆದರೂ ಲೋಕವೆಲ್ಲ ಒಪ್ಪಿ ಸುಮ್ಮನಾದುದನ್ನು ಮತ್ತೊಮ್ಮೆ ಅಳೆದು ನೋಡಿರೆಂದು ಬೆಂಗಳೂರಿನಿಂದ ಹೊರಟ ಆ ಪ್ರಶ್ನೆ ಶಾಸ್ತ್ರಕ್ಕೆ ಉಪಕಾರವನ್ನೇ ಮಾಡಿತೆಂದು ನಾನು ಭಾವಿಸುತ್ತೇನೆ.

ಪರಮಾಣುಗಳ ನಡುವಣ ದೂರವನ್ನು ಇಷ್ಟು ಶ್ರದ್ಧೆಯಿಂದ ಅಳೆದವರಿಗೆ ಇನ್ನೊಂದು ಸತ್ಯವೂ ಅನಿವಾರ್ಯವಾಗಿ ಗೋಚರಿಸಿತು: ಈ ಎಳೆಯನ್ನು ಕೆಡಿಸುವುದು ಎಷ್ಟು ಸುಲಭವೆಂಬುದು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಕಣ್ಣು, ಚರ್ಮ, ಶ್ವಾಸಕೋಶಗಳನ್ನು ಸುಟ್ಟ ಮಸ್ಟರ್ಡ್ ಅನಿಲವನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಎಡಿನ್‌ಬರೋದಲ್ಲಿ ಪರೀಕ್ಷಿಸಿದ ಶಾರ್ಲಟ್ ಔಅರ್‌ಬಾಕ್, ಅದು ಹಣ್ಣಿನ ನೊಣಗಳ ಆನುವಂಶಿಕ ದ್ರವ್ಯವನ್ನೇ ಮಾರ್ಪಡಿಸಿ, ವಿಕಾರಗಳು ಮರಿಗಳಿಗೂ ಹರಿಯುವಂತೆ ಮಾಡುತ್ತದೆಂದು ಕಂಡುಕೊಂಡಳು. ಯುದ್ಧಕಾಲದ ಗೋಪ್ಯತೆಯ ದೆಸೆಯಿಂದ ಆ ಶೋಧನೆ ಪೂರ್ಣವಾಗಿ ಬೆಳಕು ಕಾಣಲು 1946ರವರೆಗೆ ಕಾಯಬೇಕಾಯಿತು. ಇಂದು ಅದರ ಕಾರಣ ಗೊತ್ತಿದೆ: ಆ ಅನಿಲದ ಅಣು ಗ್ವಾನಿನ್ನಿನ ಒಂದು ಸಾರಜನಕ ಪರಮಾಣುವನ್ನು ಹಿಡಿದು, ಕೆಲವೊಮ್ಮೆ ಎರಡು ಎಳೆಗಳನ್ನೂ ಒಂದಕ್ಕೊಂದು ಕಚ್ಚಿಸಿಬಿಡುತ್ತದೆ, ಕಚ್ಚಿಕೊಂಡ ಎಳೆಗಳು ಬೇರ್ಪಡಲಾರದೆ ಜೀವಕೋಶ ಸಾಯುತ್ತದೆ, ಇಲ್ಲವೆ ತಪ್ಪು ಪ್ರತಿಯನ್ನು ಮಾಡಿಕೊಳ್ಳುತ್ತದೆ. ಜರ್ಮನಿಯಲ್ಲಿ ಯಹೂದ್ಯಳೆಂಬ ಕಾರಣಕ್ಕೆ ಕೆಲಸವನ್ನು ಕಳೆದುಕೊಂಡು ಬ್ರಿಟನ್ನಿಗೆ ಬಂದಿದ್ದ ಆಕೆ ಮುಂದೆ ಪರಮಾಣು ನಿಶ್ಶಸ್ತ್ರೀಕರಣದ ಪಕ್ಷವನ್ನು ಬಹಿರಂಗವಾಗಿ ವಹಿಸಿದುದರಲ್ಲಿ ಆಶ್ಚರ್ಯವಿಲ್ಲ. ವಿಕಿರಣದ ವಿಷಯವೂ ಹೀಗೆಯೇ. ಕ್ಷ-ಕಿರಣದಿಂದ ಆನುವಂಶಿಕ ವಿಕಾರಗಳುಂಟಾಗುತ್ತವೆಂದು ಹರ್ಮನ್ ಮುಲ್ಲರ್ 1927ರಲ್ಲಿಯೇ ತೋರಿಸಿದ್ದನು. ವಿಕಿರಣ ಜೀವಕೋಶದ ನೀರನ್ನು ಒಡೆದು ಉಗ್ರವಾದ ಚೂರುಗಳನ್ನು ಹುಟ್ಟಿಸುತ್ತದೆ. ಅವು ಹತ್ತಿರದ ಎಳೆಯನ್ನು ಕೊರೆಯುತ್ತವೆ. ಒಂದೇ ಎಳೆ ತುಂಡಾದರೆ ಎದುರಿನ ಎಳೆಯನ್ನು ನೋಡಿ ಜೀವಕೋಶ ಸರಿಪಡಿಸಿಕೊಳ್ಳಬಲ್ಲದು. ಎರಡೂ ಎಳೆಗಳು ಒಂದೇ ಸ್ಥಳದಲ್ಲಿ ತುಂಡಾದರೆ ದುರಸ್ತಿ ಬಹು ಕಷ್ಟ.

1954ರ ಮಾರ್ಚ್ 1ರಂದು ಪೆಸಿಫಿಕ್ ಮಹಾಸಾಗರದ ಬಿಕಿನಿ ದ್ವೀಪವಲಯದಲ್ಲಿ ಅಮೆರಿಕ 15 ಮೆಗಾಟನ್ನಿನ ಜಲಜನಕ ಬಾಂಬನ್ನು ಸಿಡಿಸಿತು. ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿನ ದೋಣಿಯೊಂದರ 23 ಮಂದಿಯ ಮೇಲೆ ಬೆಳ್ಳನೆಯ ಬೂದಿ ಉದುರಿತು. ಅವರಲ್ಲೊಬ್ಬನಾದ ಐಕಿಚಿ ಕುಬೊಯಾಮ ಅದೇ ಸೆಪ್ಟೆಂಬರಿನಲ್ಲಿ ಮಡಿದನು. ಸ್ಫೋಟ ನಡೆದ ಒಂದು ತಿಂಗಳಿಗೆ, ಏಪ್ರಿಲ್ 2ರಂದು, ಇಂತಹ ಪರೀಕ್ಷೆಗಳನ್ನು ಕೂಡಲೇ ತಡೆಹಿಡಿಯಬೇಕೆಂದು ಲೋಕಸಭೆಯಲ್ಲಿ ಜವಾಹರಲಾಲ್ ನೆಹರೂ ಸೂಚಿಸಿದರು. ಅವರ ಕೋರಿಕೆಯ ಮೇರೆಗೆ ವಿಜ್ಞಾನಿ ಡಿ. ಎಸ್. ಕೊಠಾರಿ ಸಿದ್ಧಪಡಿಸಿದ, ಪರಮಾಣು ಸ್ಫೋಟಗಳ ಪರಿಣಾಮವನ್ನು ಕುರಿತ ಗ್ರಂಥ 1956ರಲ್ಲಿ ಹೊರಬಂದಿತು. ಸ್ಫೋಟದ ಧೂಳು ಮೇಲಕ್ಕೇರಿ, ಗಾಳಿಯೊಡನೆ ಲೋಕವನ್ನೆಲ್ಲ ಸುತ್ತಿ, ಮಳೆಯೊಡನೆ ಹುಲ್ಲಿಗಿಳಿದು, ಹುಲ್ಲಿನಿಂದ ಹಸುವಿಗೂ ಹಾಲಿನಿಂದ ಮಗುವಿಗೂ ಬರುತ್ತದೆ. ಅದರಲ್ಲಿರುವ ಸ್ಟ್ರಾಂಷಿಯಂ-90 ಎಂಬುದು ಗುಣದಲ್ಲಿ ಕ್ಯಾಲ್ಸಿಯಮ್ಮಿನ ದಾಯಾದಿಯಾದುದರಿಂದ ಎಲುಬು ಹಲ್ಲುಗಳಲ್ಲಿ ನೆಲೆಸುತ್ತದೆ. ಅದರ ಅರ್ಧಾಯುಷ್ಯ ಸುಮಾರು 29 ವರ್ಷ. ಇಂಗಾಲ-14ರ ಕಥೆ ಇನ್ನೂ ಭಯಂಕರ. ಅದು ಎಲ್ಲ ಇಂಗಾಲದಂತೆಯೇ ಪೈರಿಗೂ ದೇಹಕ್ಕೂ ಡಿಎನ್‌ಎಯ ಮೈಗೂ ಸೇರಿಕೊಂಡು, ಒಂದಲ್ಲ ಒಂದು ದಿನ ಸಿಡಿದು ಸಾರಜನಕವಾಗಿ ಮಾರ್ಪಡುತ್ತದೆ. ಎಂದರೆ ಎಳೆಯಲ್ಲಿ ಇರಬೇಕಾದ ಪರಮಾಣುವಿನ ಜಾಗದಲ್ಲಿ ಇರಬಾರದ ಪರಮಾಣು ಕುಳಿತುಬಿಡುತ್ತದೆ. ಅದರ ಅರ್ಧಾಯುಷ್ಯ 5,730 ವರ್ಷ. ಇದರ ಹಾನಿಯನ್ನು 1958ರಲ್ಲಿ ಅಮೆರಿಕದಲ್ಲಿ ಪಾಲಿಂಗನೂ ಸೋವಿಯೆತ್ ಒಕ್ಕೂಟದಲ್ಲಿ ಆಂದ್ರೆಯ್ ಸಖಾರೊವನೂ, ಎದುರೆದುರು ಬಣಗಳಲ್ಲಿದ್ದ ಇಬ್ಬರು, ಬೇರೆಬೇರೆಯಾಗಿಯೇ ಲೆಕ್ಕಹಾಕಿ ಪ್ರಕಟಿಸಿದರು. ಸಖಾರೊವನಂತೂ ತನ್ನ ದೇಶದ ಜಲಜನಕ ಬಾಂಬನ್ನು ರೂಪಿಸಿದವರಲ್ಲೊಬ್ಬನು.

ನಮ್ಮ ಸೀಮೆಯ ಹಳ್ಳಿಗಳಲ್ಲಿ ಗುಡಿಯ ಮುಂದೆಯೋ ಕೆರೆಯ ಏರಿಯ ಬಳಿಯೋ ವೀರಗಲ್ಲುಗಳು ನಿಂತಿರುತ್ತವೆ. ತುರುಗಳನ್ನು ಬಿಡಿಸಿಕೊಂಡು ಬರಲು, ಊರಿನ ಹೆಂಗಸರ ಮಾನವನ್ನು ಕಾಯಲು ಎದುರಾಳಿಯ ಮುಖವನ್ನು ನೋಡಿ ಹೋರಾಡಿ ಬಿದ್ದವನಿಗೆ ಊರು ಕೊಟ್ಟ ಗೌರವವದು; ಆ ಕಲ್ಲಿನ ಮುಂದೆ ನಿಂತು ತಲೆಬಾಗದವನು ಯಾರು? ಆದರೆ ಪರಮಾಣು ಬಾಂಬಿನ ಯುದ್ಧದಲ್ಲಿ, ಅಷ್ಟೇಕೆ, ಯುದ್ಧವಿಲ್ಲದೆ ನಡೆಯುವ ಅದರ ಪರೀಕ್ಷೆಯಲ್ಲಿಯೂ, ಏಟು ತಿನ್ನುವವನು ರಣರಂಗದಲ್ಲಿರುವುದಿಲ್ಲ. ಎಷ್ಟೋ ಸಲ ಅವನು ಇನ್ನೂ ಹುಟ್ಟಿಯೇ ಇರುವುದಿಲ್ಲ. ಎಂದೋ ಎಲ್ಲಿಯೋ ಹುಟ್ಟಲಿರುವ, ಯಾವ ಪಕ್ಷಕ್ಕೂ ಸೇರದ ಒಂದು ಮಗುವಿನ ಮೇಲೆ ಆಯುಧವನ್ನೆತ್ತುವುದಕ್ಕೆ ಶೌರ್ಯದ ಭಾಷೆಯಲ್ಲಿ ಹೆಸರಿಲ್ಲ.

ಪಾಲಿಂಗನಿಗೆ ಈ ಮಗು ಕಣ್ಣೆದುರಿಗೇ ಇದ್ದಂತಿತ್ತು. 1957ರ ಮೇ 15ರಂದು ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಭಾಷಣ ಮಾಡಿದ ಅವನು, ಅಲ್ಲಿನ ಬ್ಯಾರಿ ಕಾಮನರ್ ಮತ್ತು ಎಡ್ವರ್ಡ್ ಕಾಂಡನ್ನರೊಡನೆ ಕುಳಿತು, ಪರಮಾಣು ಪರೀಕ್ಷೆಗಳನ್ನು ಅಂತರರಾಷ್ಟ್ರೀಯ ಒಪ್ಪಂದದ ಮೂಲಕ ನಿಲ್ಲಿಸಬೇಕೆಂಬ ಮನವಿಯೊಂದನ್ನು ಬರೆದನು. ಪತ್ನಿ ಏವಾ ಹೆಲೆನ್ ಮತ್ತು ಕೆಲವು ಮಿತ್ರರು ಮನೆಯಲ್ಲಿಯೇ ಕುಳಿತು ದೇಶದೇಶಗಳಿಗೆ ಅಂಚೆಯಲ್ಲಿ ಪ್ರತಿಗಳನ್ನು ಕಳುಹಿಸಿದರು. 1958ರ ಜನವರಿಯಲ್ಲಿ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಡ್ಯಾಗ್ ಹ್ಯಾಮರ್‌ಶೋಲ್ಡ್ ಅವರ ಕೈಗೆ ಅದನ್ನು ಒಪ್ಪಿಸುವ ಹೊತ್ತಿಗೆ ಸಹಿ ಮಾಡಿದ ವಿಜ್ಞಾನಿಗಳು 9,000ವನ್ನು ಮೀರಿದ್ದರು. ಅನಂತರ ಆ ಸಂಖ್ಯೆ 11,000ವನ್ನೂ ದಾಟಿತು. ಜಲಜನಕ ಬಾಂಬಿನ ಸಮರ್ಥಕ ಎಡ್ವರ್ಡ್ ಟೆಲ್ಲರ್ ಅದೇ ಫೆಬ್ರವರಿಯಲ್ಲಿ ಟೆಲಿವಿಷನ್ನಿನಲ್ಲಿ ಪಾಲಿಂಗನೊಡನೆ ವಾದಿಸಿ, ಅಷ್ಟು ಅಲ್ಪವಾದ ವಿಕಿರಣದಿಂದ ಹಾನಿ ಸಿದ್ಧವಾಗಿಲ್ಲವೆಂದನು. ಅಲ್ಪ ಪ್ರಮಾಣದ ಹಾನಿಯನ್ನು ಅಳೆಯುವುದು ಕಷ್ಟವೆಂಬುದು ನಿಜವೇ. ಆದರೆ ಅಳೆಯುವುದು ಕಷ್ಟವೆಂದ ಮಾತ್ರಕ್ಕೆ ಹಾನಿ ಇಲ್ಲವೆಂದಾಗುವುದಿಲ್ಲ. ಸಾವಿರದಲ್ಲೊಬ್ಬನಿಗೆ ತಗಲುವ ಕೇಡು ಕೋಟಿಗಟ್ಟಲೆ ಜನರಲ್ಲಿ ಸಾವಿರಾರು ಮನೆಗಳ ದುಃಖವಾಗುತ್ತದೆ. ಇದು ರಾಜಕೀಯದ ಮಾತಲ್ಲ, ಅಂಕಗಣಿತ.

ಎರಡು ವರ್ಷಗಳ ಬಳಿಕ, 1960ರಲ್ಲಿ, ಅಮೆರಿಕದ ಸೆನೆಟ್ಟಿನ ಉಪಸಮಿತಿ ಅವನನ್ನು ಕರೆಯಿಸಿ, ಸಹಿಗಳನ್ನು ಸಂಗ್ರಹಿಸಲು ನೆರವಾದವರ ಹೆಸರುಗಳನ್ನು ಒಪ್ಪಿಸೆಂದು ಕೇಳಿತು. ತನ್ನನ್ನು ನಂಬಿ ದುಡಿದ ತರುಣರಿಗೆ ತೊಂದರೆ ತಟ್ಟೀತೆಂದು ಬಗೆದು, ಸೆರೆಯ ಭಯವಿದ್ದರೂ ಅವನು ಹೆಸರುಗಳನ್ನು ಕೊಡಲಿಲ್ಲ. ಸಹಿ ಹಾಕಿದವರ ಹೆಸರುಗಳು ಬಹಿರಂಗವಾಗಿಯೇ ಇದ್ದುವು. ಅವನು ಕಾಪಾಡಿದುದು ಹಿಂದೆ ನಿಂತು ಅಂಚೆಯ ಕೆಲಸ ಮಾಡಿದವರನ್ನು. ಇತ್ತ ಸೇಂಟ್ ಲೂಯಿಯ ತಾಯಂದಿರೂ ವೈದ್ಯರೂ ಸೇರಿ ಮಕ್ಕಳ ಬಿದ್ದ ಹಾಲುಹಲ್ಲುಗಳನ್ನು ಲಕ್ಷಗಟ್ಟಲೆ ಸಂಗ್ರಹಿಸಿ ಪರೀಕ್ಷೆಗೊಪ್ಪಿಸಿದರು. ಪರೀಕ್ಷೆಗಳ ಯುಗದಲ್ಲಿ ಹುಟ್ಟಿದ ಮಕ್ಕಳ ಹಲ್ಲುಗಳಲ್ಲಿ ಸ್ಟ್ರಾಂಷಿಯಂ-90 ಹಲವು ಪಟ್ಟು ಅಧಿಕವಾಗಿತ್ತು. 1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಅಮೆರಿಕ, ಸೋವಿಯೆತ್ ಒಕ್ಕೂಟ, ಬ್ರಿಟನ್ನುಗಳು ಆಕಾಶದಲ್ಲಿಯೂ ನೀರಿನೊಳಗೂ ಬಾಹ್ಯಾಕಾಶದಲ್ಲಿಯೂ ಪರೀಕ್ಷೆಗಳನ್ನು ನಿಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕಿದುವು. ಅದೇ ತಿಂಗಳಲ್ಲಿ ಭಾರತವೂ ಹಾಕಿತು. ಒಪ್ಪಂದ ಜಾರಿಗೆ ಬಂದ ಅಕ್ಟೋಬರ್ 10ರಂದೇ, 1954ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದಿದ್ದ ಪಾಲಿಂಗನಿಗೆ 1962ನೆಯ ವರ್ಷದ ಶಾಂತಿ ಪಾರಿತೋಷಕ ಘೋಷಿತವಾಯಿತು.

ಅವನೊಬ್ಬನೇ ಆಗಿದ್ದರೆ ಇದನ್ನು ಒಬ್ಬ ವ್ಯಕ್ತಿಯ ಸ್ವಭಾವವೆಂದು ಬಿಡಬಹುದಿತ್ತು. ಆದರೆ ಅಣುಗಳ ರಚನೆಯನ್ನು ಕ್ಷ-ಕಿರಣದಿಂದ ಅಳೆದವರ ಗುಂಪಿನಲ್ಲಿಯೇ ಶಾಂತಿವಾದಿಗಳು ಇಷ್ಟೊಂದು ಮಂದಿ ಏಕೆ? ಬೆಂಜೀನಿನ ಉಂಗುರ ಚಪ್ಪಟೆಯೆಂದು ಸಾಧಿಸಿದ ಕ್ಯಾಥ್ಲೀನ್ ಲಾನ್ಸ್‌ಡೇಲ್ 1943ರಲ್ಲಿ ನಾಗರಿಕ ರಕ್ಷಣಾ ಸೇವೆಯ ನೋಂದಣಿಗೂ ದಂಡಕ್ಕೂ ಒಪ್ಪದೆ ಹಾಲೊವೇ ಸೆರೆಮನೆಯಲ್ಲಿ ಒಂದು ತಿಂಗಳು ಕಳೆದಳು. ಡಿಎನ್‌ಎಯ ಚಿತ್ರಗಳಿಗಾಗಿ ದುಡಿದು ನೊಬೆಲ್ ಹಂಚಿಕೊಂಡ ಮಾರಿಸ್ ವಿಲ್ಕಿನ್ಸ್ ಯುದ್ಧಕಾಲದಲ್ಲಿ ಬಾಂಬಿನ ಯೋಜನೆಯಲ್ಲಿಯೇ ಇದ್ದು, ಅದರಿಂದ ಬೇಸತ್ತು ಜೀವದ ಅಧ್ಯಯನಕ್ಕೆ ತಿರುಗಿದವನು. ರಾಮಚಂದ್ರನ್ನರನ್ನು ಮದರಾಸಿನಲ್ಲಿ 1952ರಲ್ಲಿ ಕಂಡು ಕೊಲಾಜೆನ್ ಎಂಬ ಪ್ರೋಟೀನಿನ ರಚನೆ ಇನ್ನೂ ಬಗೆಹರಿದಿಲ್ಲವೆಂದು ಅವರ ಮನಸ್ಸಿನಲ್ಲಿ ಬೀಜ ಬಿತ್ತಿದ ಜೆ. ಡಿ. ಬರ್ನಾಲ್ ವಿಶ್ವಶಾಂತಿ ಪರಿಷತ್ತಿನ ಮುಂದಾಳು. ಇನ್ಸುಲಿನ್ನಿನ ರಚನೆಯನ್ನು 1969ರಲ್ಲಿ ಬಿಡಿಸಿದ ಡೊರೊಥಿ ಹಾಜ್‌ಕಿನ್ 1976ರಿಂದ 1988ರವರೆಗೆ, ವಿಜ್ಞಾನಿಗಳು ನಿಶ್ಶಸ್ತ್ರೀಕರಣಕ್ಕಾಗಿ ಕಟ್ಟಿದ ಪಗ್ವಾಷ್ ಸಂಘಟನೆಯ ಅಧ್ಯಕ್ಷೆ. ಆಕೆಯ ಆ ತಂಡದಲ್ಲಿ ದುಡಿದ ಎಂ. ವಿಜಯನ್ ಬೆಂಗಳೂರಿಗೆ ಬಂದು ಪ್ರೋಟೀನುಗಳ ಸ್ಫಟಿಕಶಾಸ್ತ್ರವನ್ನು ಬೆಳೆಸಿದರು. ನನ್ನ ತಿಳಿವಳಿಕೆಯಲ್ಲಿ ಕಾರಣವಿದು: ಒಂದು ಪರಮಾಣು ತನ್ನ ನೆಲೆಯಿಂದ ಕೂದಲೆಳೆಯಷ್ಟೂ ಅಲ್ಲದ ದೂರ ಸರಿದರೆ ಜೀವದ ಗತಿಯೇ ಬದಲಾಗುತ್ತದೆಂಬುದನ್ನು ದಿನವೂ ಕೈಯಾರೆ ಅಳೆದವರಿಗೆ, ಅದನ್ನು ಕೋಟ್ಯಂತರ ಜೀವಗಳಲ್ಲಿ ಒಮ್ಮೆಲೆ ಕದಡುವ ಆಯುಧದ ಮುಂದೆ ಮೌನವಾಗಿರಲು ಸಾಧ್ಯವಾಗುವುದಿಲ್ಲ. ವಿಜ್ಞಾನಿ ತನ್ನ ಪ್ರಯೋಗಶಾಲೆಯಲ್ಲಿ ಇರಲಿ, ರಾಜ್ಯದ ವಿಷಯ ಅವನಿಗೇಕೆ ಎನ್ನುವವರು ಆ ವಿಷಯ ಪ್ರಯೋಗಶಾಲೆಯಿಂದಲೇ ಹೊರಟುದನ್ನು ಮರೆಯುತ್ತಾರೆ.

ಕನ್ನಡನಾಡಿನ ವಿಜ್ಞಾನಿಗಳೂ ಈ ಪ್ರಶ್ನೆಯಿಂದ ದೂರ ಉಳಿದವರಲ್ಲ. ಬೆಂಗಳೂರನ್ನು ಮನೆಯಾಗಿಸಿಕೊಂಡಿದ್ದ ಸಿ. ವಿ. ರಾಮನ್ನರಿಗೆ 1957ರಲ್ಲಿ ಲೆನಿನ್ ಶಾಂತಿ ಪಾರಿತೋಷಕ ಸಂದಿತು. ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣ 1974ರ ಪೋಖ್ರಾನ್ ಸ್ಫೋಟದ ಮುಂದಾಳಾಗಿ, ದೇಶದ ರಕ್ಷಣೆಗೆ ಅದು ಅಗತ್ಯವೆಂದು ನಂಬಿದವರು. ಅವರ ದೇಶಭಕ್ತಿಯನ್ನು ಶಂಕಿಸುವುದು ಅನ್ಯಾಯವಾದೀತು. ಅದೇ 1974ರಲ್ಲಿ, ಬೆಂಗಳೂರಿನಲ್ಲಿಯೇ ಹುಟ್ಟಿದ ರಸಾಯನಶಾಸ್ತ್ರಜ್ಞ ಅಮೂಲ್ಯ ರೆಡ್ಡಿ, ವಿದ್ಯುತ್ ರಸಾಯನಶಾಸ್ತ್ರದಲ್ಲಿ ಜಗತ್ತೇ ಮೆಚ್ಚಿದ ಗ್ರಂಥವನ್ನು ಬರೆದಿದ್ದವರು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಎಂಬ ಕೇಂದ್ರವನ್ನು ಕಟ್ಟಿ, ಗ್ರಾಮಗಳಿಗೆ ಬೇಕಾದ ತಂತ್ರವಿದ್ಯೆಯ ಕಡೆಗೆ ತಮ್ಮ ಪಾಂಡಿತ್ಯವನ್ನು ತಿರುಗಿಸಿದರು. ನಮ್ಮ ಹಳ್ಳಿಗಳ ಹಿರಿಯ ಗೃಹಿಣಿಯರಿಗೆ 'ಅಸ್ತ್ರ ಒಲೆ' ಎಂದರೆ ಗೊತ್ತು: ಕಟ್ಟಿಗೆ ಕಡಿಮೆ, ಹೊಗೆ ಕೊಳವೆಯ ಮೂಲಕ ಹೊರಗೆ. ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿನ ದನಗಳ ಸೆಗಣಿಯಿಂದಲೇ ಅನಿಲ ತೆಗೆದು, ಅದರಿಂದ ಎಂಜಿನ್ ನಡೆಸಿ, ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಒದಗಿಸಿದ ಪ್ರಯೋಗ ಅವರ ಬಳಗದ್ದು. 1998ರ ಮೇ ತಿಂಗಳಲ್ಲಿ ಪೋಖ್ರಾನಿನಲ್ಲಿ ಮತ್ತೆ ಸ್ಫೋಟಗಳು ನಡೆದು ಬೀದಿಬೀದಿಗಳಲ್ಲಿ ಸಿಹಿ ಹಂಚುತ್ತಿದ್ದಾಗ, ನಿರಪರಾಧಿಗಳನ್ನು ಸಾಮೂಹಿಕವಾಗಿ ಕೊಲ್ಲುವ ಆಯುಧವನ್ನು ಯಾವ ದೇಶ ಹಿಡಿದರೂ ಅಧರ್ಮವೇ ಎಂದು ಅವರು ಬಹಿರಂಗವಾಗಿ ಹೇಳಿದರು, ಬರೆದರು. ವಿಜ್ಞಾನಿ ತನ್ನ ಕೌಶಲದ ಫಲಕ್ಕೆ ಉತ್ತರವಾದಿಯೆಂದು 2006ರಲ್ಲಿ ಕಣ್ಣು ಮುಚ್ಚುವವರೆಗೂ ವಾದಿಸಿದರು. ರಾಮಣ್ಣ, ರೆಡ್ಡಿ ಇಬ್ಬರೂ ನಮ್ಮವರೇ. ಆದರೆ ಯಾರ ಮಾತು ಸರಿಯೆಂದು ಕೇಳಿದರೆ, ಜನರ ಹರ್ಷದ ನಡುವೆ ಒಂಟಿಯಾಗಿ ಬೇಡವೆಂದವರ ಕಡೆಗೇ ನಾನು ನಿಲ್ಲುತ್ತೇನೆ.

ಎಲ್ಲ ಬಗೆಯ ಪರಮಾಣು ಪರೀಕ್ಷೆಗಳನ್ನೂ ನಿಷೇಧಿಸುವ ಒಪ್ಪಂದವನ್ನು 1996ರಲ್ಲಿಯೇ ಸಹಿಗೆ ತೆರೆದಿದ್ದರೂ ಅದು ಇನ್ನೂ ಜಾರಿಗೆ ಬಂದಿಲ್ಲ. ಅದು ಪಕ್ಷಪಾತದಿಂದ ಕೂಡಿದೆಯೆಂಬ ಕಾರಣವನ್ನು ಕೊಟ್ಟು ನಮ್ಮ ದೇಶವೂ ಅದಕ್ಕೆ ಸಹಿ ಹಾಕಿಲ್ಲ. ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸುವ ಉಪಾಧ್ಯಾಯ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೆ: ಆನುವಂಶಿಕತೆಯ ಪಾಠದಲ್ಲಿ ವಾಟ್ಸನ್ ಮತ್ತು ಕ್ರಿಕ್ಕರ ಹೆಸರನ್ನು ಕರಿಹಲಗೆಯ ಮೇಲೆ ಬರೆಯುವ ದಿನ, ಪಾಲಿಂಗನ ತಪ್ಪನ್ನೂ ಅವನ ಮನವಿಯನ್ನೂ, ಫ್ರಾಂಕ್ಲಿನ್ನಳ ಚಿತ್ರವನ್ನೂ, ವಿಶ್ವಾಮಿತ್ರರ ಸ್ಫಟಿಕವನ್ನೂ, ಅಮೂಲ್ಯ ರೆಡ್ಡಿಯವರ ಮಾತನ್ನೂ ಮಕ್ಕಳಿಗೆ ಹೇಳಿರಿ, ಹೇಳಿದ ಮೇಲೆ ಅವರು ಕೇಳುವ ಪ್ರಶ್ನೆಗಳಿಗೆ ಗಂಟೆ ಬಾರಿಸಿತೆಂದು ಅವಸರಪಡದೆ ಕಾಲಾವಕಾಶ ಕೊಡಿರಿ.